ಎಸ್‌ಎಸ್‌ಡಿಗೆ ಸ್ವಲ್ಪ ಜಾಗ ಬಿಡಿ

ಕಂಪ್ಯೂಟರ್ ನಿಧಾನವಾಯ್ತು ಅಂದರೆ ಡಿಫ್ರಾಗ್ ಮಾಡುವ ಹಾರ್ಡ್ ಡಿಸ್ಕ್ ಕಾಲದ ಅಭ್ಯಾಸ ಹಲವರಿಗೆ ಇನ್ನೂ ಬಿಟ್ಟಿಲ್ಲ. ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಹೆಡ್ ಇದ್ದಾಗ ಚದುರಿದ ಫೈಲನ್ನು ಒಂದೆಡೆ ಸೇರಿಸಿದರೆ ಲಾಭವಿತ್ತು. ಎಸ್‌ಎಸ್‌ಡಿ ಅಂದರೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್, ಅದರಲ್ಲಿ ತಿರುಗುವಂಥದ್ದು ಏನೂ ಇಲ್ಲ. ಡಿಫ್ರಾಗ್ ಮಾಡಿದರೆ ಸುಮ್ನೆ ಸವೆತ, ಅಷ್ಟೇ.

ಸವೆಯುವುದು ಏನು? 1980ರ ದಶಕದಲ್ಲಿ ತೊಶಿಬಾ ಕಂಪನಿಯ ಫುಜಿಯೊ ಮಸುವೋಕ ರೂಪಿಸಿದ ಫ್ಲ್ಯಾಶ್ ಮೆಮೊರಿಯ ಕೋಶಗಳು. ಒಂದೊಂದು ಕೋಶವೂ ತೆಳುವಾದ ಪದರದ ಹಿಂದೆ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬರೆಯುವಾಗ ಅವನ್ನು ಒಳಗೆ ನುಗ್ಗಿಸಬೇಕು, ಅಳಿಸುವಾಗ ಹೊರಗೆ ಎಳೆಯಬೇಕು. ಪ್ರತಿ ಸಲವೂ ಆ ಪದರ ಒಂಚೂರು ಹಾಳಾಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ಬರೆಯುವುದು ಪೇಜ್ ಲೆಕ್ಕದಲ್ಲಿ, ಅಂದರೆ ಕೆಲವು ಕೆಬಿ. ಅಳಿಸುವುದು ಮಾತ್ರ ಬ್ಲಾಕ್ ಲೆಕ್ಕದಲ್ಲಿ, ಅಂದರೆ ಎಷ್ಟೋ ಎಂಬಿ. ಒಂದು ಬ್ಲಾಕಿನಲ್ಲಿ 1,000 ಪೇಜ್ ಇವೆ ಅಂದುಕೊಳ್ಳಿ. ಅದರಲ್ಲಿ 900 ಇನ್ನೂ ಬೇಕಾದವು, 100 ಹಳಸಿದವು. ಆ 100 ಪೇಜಿನ ಜಾಗ ಬೇಕೆಂದರೆ ಕಂಟ್ರೋಲರ್ (ಡ್ರೈವಿನ ಕೆಲಸ ನೋಡಿಕೊಳ್ಳುವ ಚಿಪ್) ಮೊದಲು 900 ಪೇಜನ್ನು ಬೇರೆಡೆ ನಕಲು ಮಾಡಬೇಕು, ಆಮೇಲೆ ಇಡೀ ಬ್ಲಾಕನ್ನು ಅಳಿಸಬೇಕು. ಬೇಕಾದವು 100 ಮಾತ್ರ ಇದ್ದಿದ್ದರೆ? ಅಷ್ಟನ್ನು ಸಾಗಿಸಿದರೆ 900 ಪೇಜಿನ ಜಾಗ ಸಿಗುತ್ತಿತ್ತು. ಡ್ರೈವ್ ತುಂಬಿ ತುಳುಕುತ್ತಿದ್ದರೆ ಅದು ನಿಧಾನವಾಗುವುದೂ ಬೇಗ ಸವೆಯುವುದೂ ಇದಕ್ಕೇ. ಹಾಗಾಗಿ 15-20% ಜಾಗ ಖಾಲಿ ಬಿಡುವುದು ಒಳ್ಳೆಯದು.

ಆದರೆ ನೀವು ಫೈಲ್ ಡಿಲೀಟ್ ಮಾಡಿದ್ದು ಡ್ರೈವ್‌ಗೆ ತಾನಾಗಿ ತಿಳಿಯುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ತನ್ನ ಪಟ್ಟಿಯಲ್ಲಿ ಹೆಸರು ಹೊಡೆದುಹಾಕಿರುತ್ತದೆ, ಅಷ್ಟೇ ಅಲ್ವಾ? ಡ್ರೈವ್ ಆ ಕಸವನ್ನೂ ಜೋಪಾನವಾಗಿ ಹೊತ್ತು ತಿರುಗುತ್ತಿರುತ್ತದೆ. ‘ಇದು ಇನ್ನು ಬೇಡ’ ಎಂದು ಹೇಳುವ ಆದೇಶವೇ ಟ್ರಿಮ್. 2009ರ ವಿಂಡೋಸ್ 7ರಿಂದ ವಿಂಡೋಸ್ ಇದನ್ನು ತಾನೇ ಮಾಡುತ್ತದೆ. ಈಗಿನ ವಿಂಡೋಸ್‌ನಲ್ಲಿರುವ ‘ಆಪ್ಟಿಮೈಜ್’ ಎಸ್‌ಎಸ್‌ಡಿಗೆ ಕಳಿಸುವುದೂ ಮುಖ್ಯವಾಗಿ ಟ್ರಿಮ್ಮನ್ನೇ, ಅದನ್ನು ಆಫ್ ಮಾಡಬೇಡಿ. ಒಂದು ತೊಂದರೆ ಮಾತ್ರ ಇದೆ. ಟ್ರಿಮ್ ಆದಮೇಲೆ, ತಪ್ಪಿ ಡಿಲೀಟ್ ಮಾಡಿದ ಫೈಲ್ ರಿಕವರಿ ಸಾಫ್ಟ್‌ವೇರ್‌ಗೂ ಸಿಗುವುದು ಬಹುಮಟ್ಟಿಗೆ ಕನಸು.

ಇಷ್ಟು ಹೇಳಿದರೂ, ಸವೆತದ ಭಯ ಅತಿಯಾಗಿದೆ ಅನ್ನುವುದೇ ನನ್ನ ಅಭಿಪ್ರಾಯ. 1 ಟಿಬಿಯ ಹಲವು ಡ್ರೈವ್‌ಗಳಿಗೆ ಕಂಪನಿಗಳು 600 ಟಿಬಿ ಬರೆಯುವವರೆಗೆ ವಾರಂಟಿ ಮಿತಿ ಕೊಡುತ್ತವೆ. ದಿನಕ್ಕೆ 30 ಜಿಬಿ ಬರೆದರೂ ಅದು ಮುಗಿಯಲು 50 ವರ್ಷಕ್ಕಿಂತ ಜಾಸ್ತಿ ಬೇಕು. ಬ್ರೌಸರ್ ಕ್ಯಾಶ್ ಬೇರೆ ಡ್ರೈವ್‌ಗೆ ಸಾಗಿಸುವಂಥ ಸರ್ಕಸ್ ಬೇಡ. ಕುತೂಹಲವಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ತೆರೆದು ಡ್ರೈವಿನ ಆರೋಗ್ಯ ಎಷ್ಟು ಶೇಕಡ ಉಳಿದಿದೆ ಎಂದು ನೋಡಿ.

ನಿಜವಾದ ಅಪಾಯ ಬೇರೆ. ಹಾರ್ಡ್ ಡಿಸ್ಕ್ ಎಷ್ಟೋ ಸಲ ಟಕ್ ಟಕ್ ಎಂದು ಶಬ್ದ ಮಾಡಿ ಸುಳಿವು ಕೊಡುತ್ತಿತ್ತು. ಎಸ್‌ಎಸ್‌ಡಿಯ ಕಂಟ್ರೋಲರ್ ಅಥವಾ ಫರ್ಮ್‌ವೇರ್ (ಡ್ರೈವಿನೊಳಗೇ ಇರುವ ಸಾಫ್ಟ್‌ವೇರ್) ಕೈಕೊಟ್ಟರೆ, ಆರೋಗ್ಯ 98% ಎಂದು ತೋರಿಸುತ್ತಿದ್ದ ಡ್ರೈವ್ ಮಾರನೇ ದಿನ ಕಾಣಿಸದೇ ಇರಬಹುದು. ಬ್ಯಾಕಪ್ ಬಿಟ್ಟರೆ ಇದಕ್ಕೆ ಮದ್ದಿಲ್ಲ. ಆದರೆ ಆ ಬ್ಯಾಕಪ್ಪನ್ನು ಇನ್ನೊಂದು ಎಸ್‌ಎಸ್‌ಡಿಗೆ ಹಾಕಿ ವರ್ಷಗಟ್ಟಲೆ ಬೀರುವಿನಲ್ಲಿಟ್ಟು ಮರೆಯಬೇಡಿ. ಕರೆಂಟ್ ಇಲ್ಲದಿದ್ದರೆ ಎಲೆಕ್ಟ್ರಾನ್‌ಗಳು ಮೆಲ್ಲಗೆ ಸೋರುತ್ತವೆ, ಸೆಕೆಯಲ್ಲಿ ಇನ್ನೂ ಬೇಗ. ಆ ಕೆಲಸಕ್ಕೆ ಹಳೇ ಹಾರ್ಡ್ ಡಿಸ್ಕೇ ವಾಸಿ.