ಕಿರಿದಾಗಿ ಅರಳುವ ನಳಿಕೆ

ಬೀದರ್‌ನವರಿಗೆ ಜೆಟ್ ವಿಮಾನ ಹೊಸದಲ್ಲ. ವಾಯುಪಡೆಯ ತರಬೇತಿ ನೆಲೆಯಿಂದ ಏಳುವ ಹಾಕ್‌ಗಳನ್ನೂ ಸೂರ್ಯಕಿರಣ ತಂಡದ ಕಸರತ್ತನ್ನೂ ಇಲ್ಲಿನ ಮಕ್ಕಳು ನೋಡುತ್ತಲೇ ಬೆಳೆಯುತ್ತಾರೆ. ಹಾಕ್‌ನ ಹಿಂಬದಿಯಲ್ಲಿ ಬಿಸಿ ಅನಿಲ ಹೊರಬೀಳುವ ನಳಿಕೆ ತುದಿಗೆ ಬರುತ್ತ ಕಿರಿದಾಗುತ್ತದೆ. ಕಬ್ಬಿನ ಹೊಲಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ರಭಸದಿಂದ ಚಿಮ್ಮುವುದಿಲ್ಲವೇ, ಹಾಗೆ. ಕಿರಿದು ಮಾಡಿದಷ್ಟೂ ವೇಗ ಎಂಬ ನಂಬಿಕೆ ಬೇರೂರುವುದು ಇಲ್ಲಿಂದಲೇ. ಮಕ್ಕಳನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರೆ ನನಗೆ ಸಂಕಟವಾಗುತ್ತದೆ. ಸೊಗಸೆಲ್ಲ ಇರುವುದು ಅದರಾಚೆಗೆ.

ಅನಿಲ ಶಬ್ದದ ವೇಗ ಮುಟ್ಟುವವರೆಗೆ ಆ ಮಾತು ಸರಿ. ಆಮೇಲೆ ಎಲ್ಲ ತಲೆಕೆಳಗು. ಅನಿಲ ನೀರಿನಂತಲ್ಲ, ವೇಗ ಹೆಚ್ಚಿದಂತೆ ಹಿಗ್ಗಿ ತೆಳುವಾಗುತ್ತದೆ. ಶಬ್ದದ ಅರ್ಧದಷ್ಟು ವೇಗದಲ್ಲಿರುವ ಅನಿಲ ಇನ್ನು ಶೇ 1ರಷ್ಟು ಚುರುಕಾದರೆ ಅದರ ಸಾಂದ್ರತೆ ತಗ್ಗುವುದು ಶೇ 0.25 ಮಾತ್ರ, ದಾರಿ ಕಿರಿದಾಗಲೇಬೇಕು. ಶಬ್ದದ ಎರಡು ಪಟ್ಟು ವೇಗದಲ್ಲಿ ಅದೇ ಶೇ 1ರ ಹೆಚ್ಚಳಕ್ಕೆ ಸಾಂದ್ರತೆ ಶೇ 4ರಷ್ಟು ಕುಸಿಯುತ್ತದೆ. ಪ್ರತಿ ಸೆಕೆಂಡಿಗೆ ಮೊದಲಿನಷ್ಟೇ ದ್ರವ್ಯರಾಶಿ ದಾಟಬೇಕಾದರೆ ದಾರಿಯ ಅಡ್ಡಕೊಯ್ತದ ವಿಸ್ತೀರ್ಣ ಶೇ 3ರಷ್ಟು ಹಿಗ್ಗಬೇಕು! ಹೀಗಾಗಿ ಮೊದಲು ಕಿರಿದಾಗಿ, ಗಂಟಲಿನಲ್ಲಿ, ಅಂದರೆ ಅತಿ ಕಿರಿದಾದ ಜಾಗದಲ್ಲಿ, ಶಬ್ದದ ವೇಗ ಮುಟ್ಟಿಸಿ, ಬಳಿಕ ಅರಳುವ ನಳಿಕೆ ಬೇಕು. ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ 1888ರಲ್ಲಿ ಇದನ್ನು ರೂಪಿಸಿದ್ದು ಉಗಿ ಟರ್ಬೈನಿಗಾಗಿ. ವಿಮಾನ ಆಗಿನ್ನೂ ಹುಟ್ಟಿರಲಿಲ್ಲ. ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರ ಕಟ್ಟಿದವನೂ ಅವನೇ.

ಎಷ್ಟು ಅರಳಬೇಕು ಎನ್ನುವುದು ವಿನ್ಯಾಸಕರ ತಲೆನೋವು. ವಿಮಾನ ವೇಗವಾದಷ್ಟೂ ಎಂಜಿನ್ನಿಗೆ ನುಗ್ಗುವ ಗಾಳಿಯ ಒತ್ತಡ ತಾನಾಗಿ ಏರುತ್ತದೆ. ಮ್ಯಾಕ್ 3ರಲ್ಲಿ, ಅಂದರೆ ಶಬ್ದದ ಮೂರು ಪಟ್ಟು ವೇಗದಲ್ಲಿ, ನಷ್ಟವೇ ಇಲ್ಲವೆಂದುಕೊಂಡರೆ, ಸುಮಾರು 37 ಪಟ್ಟು. ಅಷ್ಟು ಒತ್ತಡಕ್ಕೆಂದು ಅಗಲಿಸಿದ ಬಾಯಿ ರನ್‌ವೇ ಮೇಲೆ ಅತಿಯಾಗುತ್ತದೆ: ಅನಿಲದ ಒತ್ತಡ ಹೊರಗಿನ ಗಾಳಿಯದಕ್ಕಿಂತ ಕೆಳಗಿಳಿದು, ಹರಿವು ಗೋಡೆಯಿಂದ ಕಳಚಿಕೊಂಡು, ನೂಕುಬಲ ಸೋರಿಹೋಗುತ್ತದೆ. ಬಾಯಿ ಚಿಕ್ಕದಾದರೆ ಉಳಿದ ಒತ್ತಡ ಹೊರಗೆ ಹಿಗ್ಗಿ ವ್ಯರ್ಥ. ಅದಕ್ಕೇ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾಂಕಾರ್ಡ್‌ನ ನಳಿಕೆಗಳು ಹಾರಾಟದ ನಡುವೆಯೇ ಆಕಾರ ಬದಲಿಸುತ್ತಿದ್ದವು.

ಶಬ್ದಕ್ಕಿಂತ ವೇಗವಾಗಿ ಒಳಗೆ ಹರಿಯುವ ಗಾಳಿಯಲ್ಲೇ ಇಂಧನ ಉರಿಸುವ ಎಂಜಿನ್ ಸ್ಕ್ರಾಮ್‌ಜೆಟ್. ಅದಕ್ಕೆ ಬೇಕಾಗುವಷ್ಟು ಅಗಲದ ಕೊಳವೆ ಕಟ್ಟಿದರೆ ಭಾರವೇ ಹೊರೆಯಾಗುತ್ತದೆ. ಆದ್ದರಿಂದ ವಾಹನದ ಹಿಂಭಾಗದ ಹೊಟ್ಟೆಯನ್ನೇ ಇಳಿಜಾರಾಗಿಸಿ ಅರ್ಧ ನಳಿಕೆ ಮಾಡುತ್ತಾರೆ. ಕೆಳಗಿನ ಗೋಡೆ ಬಹುಮಟ್ಟಿಗೆ ಇರುವುದೇ ಇಲ್ಲ. 2020ರ ಸೆಪ್ಟೆಂಬರ್ 7ರಂದು ಡಿಆರ್‌ಡಿಒದ ಸ್ಕ್ರಾಮ್‌ಜೆಟ್ ವಾಹನ ಶಬ್ದದ ಆರು ಪಟ್ಟು ವೇಗದಲ್ಲಿ 20 ಸೆಕೆಂಡಿಗೂ ಹೆಚ್ಚು ಕಾಲ ಹಾರಿತು. ಇಂಥ ಇಳಿಜಾರಿನ ಮೇಲೆ ಒತ್ತುವ ಅನಿಲ ವಾಹನವನ್ನು ಮುಂದಕ್ಕೆ ನೂಕುವುದರ ಜೊತೆಗೆ ಅದರ ಬಾಲವನ್ನೂ ಎತ್ತುತ್ತದೆ. ಮೂಗು ಕೆಳಗಾಗದಂತೆ ನೋಡಿಕೊಳ್ಳುವ ಲೆಕ್ಕವೂ ನಳಿಕೆಯ ವಿನ್ಯಾಸದೊಳಗೇ ಬರುತ್ತದೆ.