ರಾಗಿ ಹೊಲಕ್ಕೂ ಕುಂಟೆ, ಮೆದುಳಿಗೂ ಕುಂಟೆ

ಮಂಡ್ಯದ ಬಸ್ ನಿಲ್ದಾಣದ ಹತ್ತಿರ ಒಬ್ಬರು ಪಾಂಪ್ಲೆಟ್ ಕೊಟ್ಟರು. ನಿಮ್ಮ ಮಗು ಮೆದುಳಿನ 10 ಪರ್ಸೆಂಟ್ ಮಾತ್ರ ಬಳಸುತ್ತಿದೆ, ಮಿಕ್ಕ 90 ನಾವು ಎಬ್ಬಿಸುತ್ತೇವೆ ಅಂತ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪುಸ್ತಕ ಓದುವ ಹುಡುಗನ ಫೋಟೊ ಬೇರೆ. ಅವನ 'ಮಿಡ್‌ಬ್ರೈನ್', ಅಂದರೆ ನಡುಮೆದುಳು, ಎಚ್ಚರ ಆಗಿದೆಯಂತೆ. ಅದು ಮಲಗಿದ್ದರೆ ಅವನಿಗೆ ಕಣ್ಣುಗುಡ್ಡೆ ಹೊರಳಿಸೋಕೂ ಆಗುತ್ತಿರಲಿಲ್ಲ. ಓದುವ ಗುಟ್ಟು ಇರುವುದು ಬಟ್ಟೆ ಕೆಳಗೆ, ಮೂಗಿನ ಪಕ್ಕದ ಸಂದಿಯಲ್ಲಿ ಇಣುಕುವುದರಲ್ಲಿ.

ಮೆದುಳಿನಲ್ಲಿ ಬೀಳು ಬಿದ್ದ ಜಮೀನು ಇಲ್ಲ. ತೂಕ 1.4 ಕೆಜಿ ಆಸುಪಾಸು, ಮೈತೂಕದ 2 ಪರ್ಸೆಂಟ್. ತಿನ್ನುವುದು ಮಾತ್ರ ದೇಹದ ಶಕ್ತಿಯಲ್ಲಿ 20 ಪರ್ಸೆಂಟ್, ಅದೂ ಹೆಚ್ಚಾಗಿ ಸಕ್ಕರೆ. ಐದು ವರ್ಷದ ಮಗುವಿನಲ್ಲಿ ಇದು 40 ದಾಟುತ್ತದೆ. ಸುಮ್ನೆ ಕೂತವರಿಗೆ ಯಾರಾದರೂ ಇಷ್ಟು ಉಣ್ಣೋಕೆ ಹಾಕ್ತಾರಾ? ಕಡಲೆಕಾಳಿನಷ್ಟು ಜಾಗಕ್ಕೆ ರಕ್ತ ನಿಂತರೂ ಸಾಕು, ಮಾತು ತೊದಲಬಹುದು, ಕೈ ಸೋಲಬಹುದು.

ಹಾಗಾದರೆ ಮೆದುಳು ಬೆಳೆಯುವುದು ಹೇಗೆ? ನಮ್ಮ ಕಡೆ ರಾಗಿ ಒತ್ತಾಗಿ ಚೆಲ್ಲುತ್ತಾರೆ. ಪೈರು ಎದ್ದ ಮೇಲೆ ಕುಂಟೆ ಹೊಡೆಯುತ್ತಾರೆ. ಮೊದಲ ಸಲ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ, ಎಷ್ಟೊಂದು ಎಳೆ ಪೈರು ಕಿತ್ತು ಬೀಳುತ್ತದೆ! ಉಳಿದದ್ದು ಬುಡದಲ್ಲಿ ಮರಿ ಹೊಡೆದು ತೆಂಡೆ ಒಡೆಯುವುದು ಆಮೇಲೆಯೇ. ಮೆದುಳಿನ ನರಕೋಶಗಳ ನಡುವಿನ ಜೋಡಣೆಗಳ ಕತೆಯೂ ಇದೇ. ಅಮೆರಿಕದ ಮಕ್ಕಳ ನರವೈದ್ಯ ಪೀಟರ್ ಹಟನ್‌ಲಾಕರ್ ಸೂಕ್ಷ್ಮದರ್ಶಕದಡಿ ಎಣಿಸಿ 1979ರಲ್ಲಿ ಹೇಳಿದರು: ಮೆದುಳಿನ ಮುಂಭಾಗದಲ್ಲಿ, 1–2 ವರ್ಷದ ಮಗುವಿಗೆ ದೊಡ್ಡವರಿಗಿಂತ ಒಂದೂವರೆ ಪಟ್ಟು ದಟ್ಟ ಜೋಡಣೆ. ಬಳಕೆಯಾದದ್ದು ಗಟ್ಟಿಯಾಗುತ್ತದೆ, ಮಿಕ್ಕದ್ದು ಉದುರುತ್ತದೆ. ಈ ಮುಂಭಾಗ 20 ದಾಟಿದ ಮೇಲೂ ಮಾಗುತ್ತಲೇ ಇರುತ್ತದೆ. ಹದಿನೇಳರ ಹುಡುಗನಿಗೆ 'ಇನ್ನೂ ಬುದ್ಧಿ ಬಲಿತಿಲ್ಲ' ಅಂತ ಬೈತಾರಲ್ವಾ, ಅಕ್ಷರಶಃ ನಿಜ.

ಬಳಕೆ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ 'ತ', 'ಟ' ಸಾಕು. ಇಂಗ್ಲಿಷ್ ಮನೆಗಳ 6–8 ತಿಂಗಳ ಕೂಸುಗಳು ಹಿಂದಿಯ ಈ ಎರಡು ದನಿಗಳ ವ್ಯತ್ಯಾಸ ಸಲೀಸಾಗಿ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಬಹುಪಾಲು ಕೂಸುಗಳಿಗೆ ಅದು ಆಗಲಿಲ್ಲ. 1984ರ ಪ್ರಯೋಗ ಇದು. ಮಂಡ್ಯದ ಕೂಸಿನ ಕಿವಿಗೆ ತಾತ, ತಟ್ಟೆ, ತೊಟ್ಟಿಲು ದಿನಾ ಬೀಳುತ್ತವೆ, ಆ ಪೈರು ಉಳಿಯುತ್ತದೆ.

ಕಿವಿಯೇ ಕೇಳದ ಕೂಸಿಗೆ? ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯವರು ಹಸುಗೂಸುಗಳ ಕಿವಿ ಪರೀಕ್ಷೆ ಮಾಡುವುದು ಇದಕ್ಕೇ. ಆರು ತಿಂಗಳೊಳಗೆ ಶ್ರವಣ ಸಾಧನ, ತರಬೇತಿ ಶುರುವಾದರೆ ಮಾತು ಚೆನ್ನಾಗಿ ಬರುವ ಸಾಧ್ಯತೆ ಜಾಸ್ತಿ. ಪಾಂಪ್ಲೆಟ್‌ಗೆ ಕೊಡುವ ಫೀಸು ಇಟ್ಟುಕೊಂಡು ಮೊದಲು ಅಲ್ಲಿಗೆ ಹೋಗಿ.