ಕೊನೆಯ 50 ಅಶ್ವಶಕ್ತಿಗೆ ಯಾಕಿಷ್ಟು ದುಡ್ಡು?

1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಡಾಟ್ಸನ್ 240ಝೆಡ್ ಕಾರಿನ ಬೆಲೆ 3,526 ಡಾಲರ್. ಉದ್ದ ಮೂತಿ, ಎರಡೇ ಸೀಟು, ಬಾನೆಟ್ಟಿನ ಕೆಳಗೆ ಸಾಲಾಗಿ ನಿಂತ ಆರು ಸಿಲಿಂಡರುಗಳು. ಈ ಕಾರನ್ನು ಇವತ್ತಿಗೂ ಜತನದಿಂದ ಇಟ್ಟುಕೊಂಡವರು ಜಗತ್ತಿನ ತುಂಬ ಇದ್ದಾರೆ. ಅವರಲ್ಲಿ ಹಲವರಿಗೆ ಒಂದೇ ಆಸೆ: ಹಳೇ ಎಂಜಿನ್ನನ್ನೇ ಇಟ್ಟುಕೊಂಡು 300 ಅಶ್ವಶಕ್ತಿ ತೆಗೆಯಬೇಕು. ಕಟ್ಟಿಸಲು ಹೊರಟರೆ ಎಂಜಿನ್ ಒಂದಕ್ಕೇ 15 ಸಾವಿರ ಡಾಲರ್ ದಾಟುವುದು ಮಾಮೂಲಿ. ಆಗಿನ ಡಾಲರೂ ಈಗಿನ ಡಾಲರೂ ಒಂದೇ ಅಲ್ಲ, ಒಪ್ಪೋಣ. ಆದರೂ ಒಂದು ವಿಚಿತ್ರ ಉಳಿಯುತ್ತದೆ. 150ರಿಂದ 200ಕ್ಕೆ ಏರಲು ಆಗುವ ಖರ್ಚು ಹೇಗೋ ನಿಭಾಯಿಸುವಂಥದ್ದು. 250ರಿಂದ 300ಕ್ಕೆ ಏರಲು ಆಗುವ ಖರ್ಚು ಅದಕ್ಕಿಂತ ಬಹಳ ಜಾಸ್ತಿ. ಎರಡು ಸಲವೂ ಏರಿದ್ದು 50 ತಾನೇ? ಗ್ಯಾರೇಜಿನವರ ದುರಾಸೆ ಅಂತ ಬೈದುಕೊಳ್ಳುವುದು ಸುಲಭ. ನಿಜವಾದ ಕಾರಣ ಭೌತವಿಜ್ಞಾನದಲ್ಲಿದೆ, ಮತ್ತು ಅದು ತುಂಬ ಚೆಂದದ ಕಾರಣ.

ಮೊದಲು ಗಾಳಿಯ ಲೆಕ್ಕ ನೋಡೋಣ. ಎಂಜಿನ್ನಿನೊಳಗೆ ಪೆಟ್ರೋಲ್ ಸುರಿಯುವುದು ಕಷ್ಟವೇ ಅಲ್ಲ. ಅದನ್ನು ಉರಿಸಲು ಬೇಕಾದಷ್ಟು ಗಾಳಿ ಒಳಗೆ ತರುವುದೇ ಕಷ್ಟ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೂರ್ತಿ ಶಕ್ತಿ ಬೇಕಾದಾಗ ಪೆಟ್ರೋಲನ್ನು ಸ್ವಲ್ಪ ಜಾಸ್ತಿ ಬಿಟ್ಟು, 1 ಗ್ರಾಂಗೆ 13 ಗ್ರಾಂ ಗಾಳಿಯಂತೆ ಉರಿಸುತ್ತಾರೆ. ಒಂದು ಲೀಟರ್ ಗಾಳಿಯ ತೂಕ ಬರೀ 1.2 ಗ್ರಾಂ.

240ಝೆಡ್‌ನ ಎಂಜಿನ್ 2,393 ಸಿಸಿ. ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 5,600 ಸುತ್ತು ತಿರುಗಿದರೆ ಸುಮಾರು 6,700 ಲೀಟರ್ ಆಯಿತು. ನಿಜದಲ್ಲಿ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ನೂರಕ್ಕೆ 85ರಷ್ಟು ತುಂಬಿತು ಅಂತ ಹಿಡಿದರೆ ನಿಮಿಷಕ್ಕೆ ಹತ್ತಿರ ಹತ್ತಿರ 7 ಕೆಜಿ ಗಾಳಿ, ಅರ್ಧ ಕೆಜಿ ಪೆಟ್ರೋಲ್. ಆ ಪೆಟ್ರೋಲಿನ ಶಕ್ತಿಯಲ್ಲಿ ಕೆಲಸಕ್ಕೆ ಬರುವುದು ಕಾಲು ಭಾಗಕ್ಕಿಂತ ತುಸು ಹೆಚ್ಚು. ಉಳಿದದ್ದೆಲ್ಲ ಸೈಲೆನ್ಸರಿನಿಂದ, ರೇಡಿಯೇಟರಿನಿಂದ ಬಿಸಿಯಾಗಿ ಹೊರಗೆ ಹೋಗುತ್ತದೆ. ಕೂಡಿ ಕಳೆದರೆ 145 ಅಶ್ವಶಕ್ತಿಯ ಆಸುಪಾಸಿಗೆ ಬರುತ್ತೇವೆ. ಕಂಪನಿ ಹೇಳಿದ್ದು 151. ಅದು ಆ ಕಾಲದ ‘ಗ್ರಾಸ್’ ಅಳತೆ. ಫ್ಯಾನು, ಏರ್ ಫಿಲ್ಟರು, ಸೈಲೆನ್ಸರು ಏನೂ ಇಲ್ಲದೆ ಬೆಂಚಿನ ಮೇಲೆ ಎಂಜಿನ್ ಕೂರಿಸಿ ಅಳೆದದ್ದು. ಹಳೇ ಕಾರುಗಳ ಅಶ್ವಶಕ್ತಿಯನ್ನು ಈಗಿನ ಕಾರುಗಳ ಜೊತೆ ಹೋಲಿಸುವಾಗ ಇದನ್ನು ನೆನಪಿಡಬೇಕು.

300 ಬೇಕು ಅಂದರೆ ಹೆಚ್ಚುಕಮ್ಮಿ ಎರಡರಷ್ಟು ಗಾಳಿ ಒಳಗೆ ಹೋಗಬೇಕು. ಅದಕ್ಕೆ ದಾರಿ ಮೂರೇ. ಸಿಲಿಂಡರ್ ದೊಡ್ಡದು ಮಾಡು, ಜಾಸ್ತಿ ಸುತ್ತು ತಿರುಗಿಸು, ಇಲ್ಲವೇ ಗಾಳಿಯನ್ನು ಒತ್ತಿ ತುಂಬು.

ಎರಡನೇ ದಾರಿಯೇ ಎಲ್ಲರನ್ನೂ ಸೆಳೆಯುವುದು. ಜೋರಾಗಿ ತಿರುಗುವ ಹಳೇ ಆರು ಸಿಲಿಂಡರ್ ಎಂಜಿನ್ನಿನ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಆದರೆ ಖರ್ಚಿನ ಬೇರು ಇರುವುದೂ ಇಲ್ಲೇ. ಪಿಸ್ಟನ್ ಮೇಲೆ ಹೋಗುತ್ತದೆ, ನಿಲ್ಲುತ್ತದೆ, ಕೆಳಗೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ಹೀಗೆ ನಿಲ್ಲಿಸಿ ತಿರುಗಿಸಲು ಬೇಕಾದ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸುತ್ತು ಎರಡರಷ್ಟಾದರೆ ಬಲ ನಾಲ್ಕರಷ್ಟು. ಅತ್ತ ಶಕ್ತಿ ಮಾತ್ರ, ಎಲ್ಲವೂ ಸರಿಯಾಗಿ ನಡೆದರೂ, ಎರಡರಷ್ಟೇ.

ಅಂಕಿಗಳಲ್ಲಿ ನೋಡಿದರೆ ಇದು ಮೈ ಜುಮ್ಮೆನಿಸುತ್ತದೆ. ಈ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, 73.7 ಮಿಮೀ. ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಉದ್ದ 133 ಮಿಮೀ. ಪಿಸ್ಟನ್ನು, ಅದರ ಪಿನ್ನು ಸೇರಿ ಅರ್ಧ ಕೆಜಿ ಅಂತ ಇಟ್ಟುಕೊಳ್ಳೋಣ. ನಿಮಿಷಕ್ಕೆ 5,600 ಸುತ್ತಿನಲ್ಲಿ, ತುತ್ತತುದಿಗೆ ಹೋದ ಪಿಸ್ಟನ್ನನ್ನು ಕೆಳಕ್ಕೆ ಎಳೆದು ತರಲು ರಾಡಿಗೆ ಬೇಕಾದ ಬಲ ಸುಮಾರು 820 ಕೆಜಿ ತೂಕದಷ್ಟು. ಇಷ್ಟೇ ಸಿಸಿಯಲ್ಲಿ 300 ಅಶ್ವಶಕ್ತಿ ತೆಗೆಯಬೇಕಾದರೆ, ಸಿಲಿಂಡರ್ ಪೂರ್ತಿ ತುಂಬಿದರೂ, 9,700 ಸುತ್ತು ಬೇಕಾಗುತ್ತದೆ. ಆಗ ಅದೇ ಬಲ ಎರಡೂವರೆ ಟನ್ನಿನ ಹತ್ತಿರ ಬರುತ್ತದೆ. ಇಡೀ 240ಝೆಡ್ ಕಾರಿನ ತೂಕವೇ ಒಂದು ಟನ್ನಿನ ಆಸುಪಾಸು! ಅಂದರೆ ಅರ್ಧ ಕೆಜಿಯ ಪಿಸ್ಟನ್ ತನ್ನ ರಾಡನ್ನು ಎರಡಕ್ಕೂ ಹೆಚ್ಚು ಕಾರುಗಳ ಭಾರದಿಂದ ಎಳೆಯುತ್ತದೆ. ಸೆಕೆಂಡಿಗೆ 160ಕ್ಕೂ ಹೆಚ್ಚು ಸಲ.

ಇಲ್ಲಿ ಇನ್ನೊಂದು ಸಂಗತಿ ಇದೆ. ಸಿಲಿಂಡರಿನ ಒಳಗಿನ ಸ್ಫೋಟವೇ ರಾಡನ್ನು ಮುರಿಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಉರಿಯುವ ಅನಿಲ ರಾಡನ್ನು ಒತ್ತುತ್ತದೆ ಅಷ್ಟೇ, ಮತ್ತು ಒತ್ತಡ ತಡೆಯುವುದರಲ್ಲಿ ಉಕ್ಕು ಗಟ್ಟಿ. ಅಪಾಯ ಇರುವುದು ಹೊಗೆ ಹೊರಗೆ ತಳ್ಳುವ ಸ್ಟ್ರೋಕಿನ ಕೊನೆಯಲ್ಲಿ. ಆಗ ಪಿಸ್ಟನ್ನಿನ ತಲೆಯ ಮೇಲೆ ಒತ್ತಡವೇ ಇರುವುದಿಲ್ಲ. ಮೇಲಕ್ಕೆ ನುಗ್ಗಿದ ಪಿಸ್ಟನ್ನನ್ನು ತಡೆಯುವ ಕೆಲಸ ಪೂರ್ತಿ ರಾಡಿನ ಮೇಲೆ, ಅದರಲ್ಲೂ ರಾಡಿನ ಕೆಳ ತುದಿಯ ಎರಡು ಬೋಲ್ಟುಗಳ ಮೇಲೆ ಬೀಳುತ್ತದೆ.

ಆ ಬೋಲ್ಟನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ಬೆರಳಿಗಿಂತ ತೆಳ್ಳಗಿನ ವಸ್ತು. ಪ್ರತಿ ಸುತ್ತಿಗೂ ಎಳೆತ ಏರಿ ಇಳಿದು ಏರಿ ಇಳಿದು ಆದರೆ ಲೋಹ ದಣಿಯುತ್ತದೆ. ಕೂದಲೆಳೆಯ ಬಿರುಕು ಹುಟ್ಟಿ, ಬೆಳೆದು, ಒಂದು ದಿನ ಮುರಿಯುತ್ತದೆ. ಇದಕ್ಕೆ ಪರಿಹಾರ, ಪಿಸ್ಟನ್ ಎಳೆಯುವುದಕ್ಕಿಂತ ಹೆಚ್ಚಿನ ಬಲದಿಂದ ಬೋಲ್ಟನ್ನು ಮೊದಲೇ ಬಿಗಿದು ಎಳೆದಿಡುವುದು. ಆಗ ಹೊರಗಿನ ಬಲ ಏರಿಳಿದರೂ ಬೋಲ್ಟಿಗೆ ಅದರ ಅರಿವು ಅಷ್ಟಾಗಿ ತಟ್ಟುವುದಿಲ್ಲ. ಆದರೆ ಎಷ್ಟು ಎಳೆದಿದ್ದೇವೆ ಅಂತ ತಿಳಿಯುವುದು ಹೇಗೆ? ಟಾರ್ಕ್ ರೆಂಚಿನ ಮುಳ್ಳನ್ನು ನಂಬುವಂತಿಲ್ಲ. ನಾವು ಹಾಕಿದ ಬಲದಲ್ಲಿ ನೂರಕ್ಕೆ 90ರಷ್ಟು ಬೋಲ್ಟಿನ ತಲೆಯ ಕೆಳಗೆ ಮತ್ತು ತಿರುಪಿನ ಸುರುಳಿಗಳಲ್ಲಿ ತಿಕ್ಕಾಟಕ್ಕೇ ಹೋಗುತ್ತದೆ. ಒಂದು ಹನಿ ಆಯಿಲ್ ಹೆಚ್ಚುಕಮ್ಮಿ ಆದರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಬಲ್ಲವರು ಬೋಲ್ಟಿನ ಉದ್ದವನ್ನೇ ಅಳೆಯುತ್ತಾರೆ. ಬಿಗಿಯುವ ಮುಂಚೆ ಎಷ್ಟಿತ್ತು, ಬಿಗಿದ ಮೇಲೆ ಎಷ್ಟಾಯಿತು. ಹಿಗ್ಗಬೇಕಾದ್ದು ಮಿಲಿಮೀಟರಿನ 0.15 ಭಾಗದ ಆಸುಪಾಸು. ಹನ್ನೆರಡು ಬೋಲ್ಟು, ಒಂದೊಂದಕ್ಕೂ ಬೇರೆ ಬೇರೆ ಅಳತೆ, ಬರೆದಿಟ್ಟುಕೊಳ್ಳಬೇಕು. ದುಬಾರಿ ಎಂಜಿನ್ನಿನ ಬಿಲ್ಲಿನಲ್ಲಿ ‘ಕೂಲಿ’ ಅಂತ ಒಂದೇ ಸಾಲಿನಲ್ಲಿ ಕಾಣುವುದು ಇಂಥ ಕೆಲಸಗಳೇ. ನನಗಂತೂ ಆ ಸಾಲು ದುಬಾರಿ ಅನ್ನಿಸುವುದಿಲ್ಲ.

ಸುತ್ತು ಏರಿಸುವುದು ಇಷ್ಟು ದುಬಾರಿಯಾದ್ದರಿಂದಲೇ ಝೆಡ್ ಕಾರುಗಳ ಜಾಣರು ಮೊದಲ ದಾರಿ ಹಿಡಿದರು: ಸಿಲಿಂಡರ್ ದೊಡ್ಡದು ಮಾಡುವುದು. ಇದೇ ಕುಟುಂಬದ ಎಲ್28 ಎಂಜಿನ್ 2,753 ಸಿಸಿ. ಆಮೇಲೆ ಡಾಟ್ಸನ್ ಹೆಸರಿನ ಹಿಂದಿದ್ದ ಕಂಪನಿ ನಿಸಾನ್ ಅದೇ ಕುಟುಂಬದಿಂದ ಎಲ್‌ಡಿ28 ಎಂಬ ಡೀಸೆಲ್ ಎಂಜಿನ್ ಮಾಡಿತು. 1980ರ ದಶಕದ ಆರಂಭದಲ್ಲಿ ಅದು ಮ್ಯಾಕ್ಸಿಮಾ ಎಂಬ ಸಂಸಾರಸ್ಥರ ಕಾರಿನಲ್ಲಿ ಬಂತು. ನಿಧಾನದ ಎಂಜಿನ್, ಆದರೆ ಅದರ ಕ್ರ್ಯಾಂಕ್‌ಶಾಫ್ಟಿನ ಸ್ಟ್ರೋಕ್ 83 ಮಿಮೀ. ಯಾರೋ ಆ ಕ್ರ್ಯಾಂಕನ್ನು ಪೆಟ್ರೋಲ್ ಎಂಜಿನ್ನಿನ ಬ್ಲಾಕಿನೊಳಗೆ, ಅಂದರೆ ಸಿಲಿಂಡರುಗಳಿರುವ ಕಬ್ಬಿಣದ ಎರಕದೊಳಗೆ, ಕೂರಿಸಿ ನೋಡಿದರು. ಕೂತಿತು! 86 ಮಿಮೀ ಬೋರನ್ನು, ಅಂದರೆ ಸಿಲಿಂಡರಿನ ಒಳಗಿನ ಅಡ್ಡಳತೆಯನ್ನು, 89ಕ್ಕೆ ಹಿಗ್ಗಿಸಿದರೆ ಒಟ್ಟು 3.1 ಲೀಟರ್. ಈಗ 300 ಅಶ್ವಶಕ್ತಿಗೆ 7,500 ಸುತ್ತು ಸಾಕು. ರಾಡಿನ ಮೇಲಿನ ಎಳೆತ ಎರಡೂವರೆ ಟನ್ನಿನಿಂದ ಸುಮಾರು 1,700 ಕೆಜಿಗೆ ಇಳಿಯುತ್ತದೆ. ಹಾಗಂತ ಅದು ಕಡಿಮೆಯೇನಲ್ಲ, ಕಾರ್ಖಾನೆಯಿಂದ ಬಂದಾಗ ಇದ್ದದ್ದರ ಎರಡರಷ್ಟು. ಆದರೆ ಒಳ್ಳೆಯ ರಾಡು, ಒಳ್ಳೆಯ ಬೋಲ್ಟು ಇದ್ದರೆ ತಡೆಯುವಂಥದ್ದು. ಆ ಡೀಸೆಲ್ ಕ್ರ್ಯಾಂಕುಗಳು ಈಗ ಸುಲಭಕ್ಕೆ ಸಿಗುವುದಿಲ್ಲ. ಇಡೀ ಉಕ್ಕಿನ ದಿಮ್ಮಿಯಿಂದ ಕಡೆದ ಹೊಸ ಕ್ರ್ಯಾಂಕ್ ತರಿಸಬೇಕು, ಜೇಬಿಗೆ ಅಲ್ಲೊಂದು ಕತ್ತರಿ.

ಬೋರು ಹಿಗ್ಗಿಸುವುದೂ ಸುಮ್ನೆ ಆಗುವ ಕೆಲಸವಲ್ಲ. 89ಕ್ಕೆ ಹೋಗಲು ಸಿಲಿಂಡರಿನ ಗೋಡೆಯಿಂದ ಸುತ್ತಲೂ ಒಂದೂವರೆ ಮಿಲಿಮೀಟರ್ ಕೆರೆಯಬೇಕು. ಐವತ್ತು ವರ್ಷದ ಹಿಂದೆ ಕಬ್ಬಿಣ ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಒಂದು ಚೂರು ಸರಿದಿದ್ದರೂ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಶ್ರವಣಾತೀತ ಶಬ್ದ ಕಳಿಸಿ, ಪ್ರತಿಧ್ವನಿಯಿಂದ ಗೋಡೆಯ ದಪ್ಪ ಅಳೆಯುತ್ತಾರೆ. ಬ್ಲಾಕ್ ಆಗಿಬರದಿದ್ದರೆ ಇನ್ನೊಂದನ್ನು ಹುಡುಕಬೇಕು. ಕೊನೆಯಲ್ಲಿ ಹೋನಿಂಗ್ ಮಾಡುವಾಗ, ಅಂದರೆ ಸಿಲಿಂಡರಿನ ಒಳಮೈಯನ್ನು ಉಜ್ಜಿ ನಯ ಮಾಡುವಾಗ, ಬ್ಲಾಕಿನ ಮೇಲೆ ದಪ್ಪನೆಯ ಲೋಹದ ಹಲಗೆಯೊಂದನ್ನು ಹೆಡ್ಡಿನ (ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳದ) ಬೋಲ್ಟುಗಳಿಂದಲೇ ಬಿಗಿಯುತ್ತಾರೆ. ಹೆಡ್ ಬಿಗಿದಾಗ ಸಿಲಿಂಡರ್ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಸೊಟ್ಟಗಾಗುತ್ತದೆ. ಆ ಸೊಟ್ಟ ಇರುವಾಗಲೇ ಹೋನ್ ಮಾಡಿದರೆ, ಎಂಜಿನ್ ಜೋಡಿಸಿದ ಮೇಲೆ ಸಿಲಿಂಡರ್ ನಿಜಕ್ಕೂ ಗುಂಡಗಿರುತ್ತದೆ.

ಇಷ್ಟಾದರೂ ಗಾಳಿ ಒಳಗೆ ಬರಬೇಕಲ್ಲ! ಈ ಎಂಜಿನ್ನಿನ ಹೆಡ್ ಹಳೇ ಕಾಲದ್ದು. ಸಿಲಿಂಡರಿಗೆ ಎರಡೇ ವಾಲ್ವು. ಗಾಳಿ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ ಎರಡೂ ಒಂದೇ ಬದಿಯಲ್ಲಿವೆ. ಹೊಗೆಯ ಬಿಸಿ ಒಳಗೆ ಬರುವ ಗಾಳಿಗೂ ತಟ್ಟುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಕೈಯಲ್ಲಿ ಗ್ರೈಂಡರ್ ಹಿಡಿದು ಹನ್ನೆರಡು ದಾರಿಗಳನ್ನೂ ತಿದ್ದಬೇಕು. ದೊಡ್ಡದು ಮಾಡಿದಷ್ಟೂ ಒಳ್ಳೆಯದು ಅಂತ ಕೆರೆದರೆ ಕೆಲಸ ಕೆಡುತ್ತದೆ. ದಾರಿ ಅಗಲವಾದರೆ ಗಾಳಿಯ ವೇಗ ತಗ್ಗಿ, ಕಡಿಮೆ ಸುತ್ತಿನಲ್ಲಿ ಎಂಜಿನ್ ಮಂಕಾಗುತ್ತದೆ. ನಿಜವಾದ ಲಾಭ ಇರುವುದು ವಾಲ್ವ್ ಸೀಟಿನ ಹಿಂದೆ ಮುಂದೆ ಇರುವ ಕೆಲವೇ ಮಿಲಿಮೀಟರುಗಳಲ್ಲಿ. ಅಲ್ಲಿ ಮೂರು ಕೋನಗಳಲ್ಲಿ ಕಡೆದು ಗಾಳಿಗೆ ತಿರುವನ್ನು ಹಗುರ ಮಾಡುತ್ತಾರೆ. ಕೆರೆಯುವುದು, ಗಾಳಿ ಹಾಯಿಸಿ ಅಳೆಯುವುದು, ಮತ್ತೆ ಕೆರೆಯುವುದು. ವಾಲ್ವಿನ ಸ್ಪ್ರಿಂಗಿಗೂ ಅದೇ ವರ್ಗದ ನಿಯಮ ಅಂಟಿಕೊಂಡಿದೆ. 7,500 ಸುತ್ತಿನಲ್ಲಿ ಪ್ರತಿ ವಾಲ್ವೂ ಸೆಕೆಂಡಿಗೆ 62 ಸಲ ತೆರೆದು ಮುಚ್ಚಬೇಕು. ಸ್ಪ್ರಿಂಗ್ ಸೋತರೆ ವಾಲ್ವ್ ತಡವಾಗಿ ಮುಚ್ಚುತ್ತದೆ, ಪಿಸ್ಟನ್ನಿಗೆ ಬಡಿಯಲೂಬಹುದು. ಸ್ಪ್ರಿಂಗ್ ಗಟ್ಟಿ ಮಾಡಿದರೆ ವಾಲ್ವನ್ನು ತಳ್ಳಿ ತೆರೆಯುವ ಕ್ಯಾಮ್ ಬೇಗ ಸವೆಯುತ್ತದೆ.

ಮೂರನೇ ದಾರಿ ಟರ್ಬೊ, ಅಂದರೆ ಹೊರಗೆ ಹೋಗುವ ಹೊಗೆಯ ಬಲದಿಂದ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಪಂಪು. 1981ರಲ್ಲಿ ಡಾಟ್ಸನ್ ತಾನೇ 280ಝೆಡ್‌ಎಕ್ಸ್ ಕಾರಿನ ಎಲ್28 ಎಂಜಿನ್ನಿಗೆ ಟರ್ಬೊ ಹಾಕಿ 180 ಅಶ್ವಶಕ್ತಿ ಕೊಟ್ಟಿತು. ಖರ್ಚಿನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಜಾಣ ದಾರಿ. ಯಾಕೆಂದರೆ ಸುತ್ತು ಏರಿಸಬೇಕಿಲ್ಲ. ಸುತ್ತು ಏರದಿದ್ದರೆ ರಾಡನ್ನು ಎಳೆಯುವ ಬಲವೂ ಏರುವುದಿಲ್ಲ. ಹೆಚ್ಚುವುದು ಒತ್ತುವ ಬಲ ಮತ್ತು ಬಿಸಿ. ಆದರೆ ಆ ಬಿಸಿಯೇ ಹೊಸ ಶತ್ರು. ಒತ್ತಿದ ಗಾಳಿ ಕಾದು, ಕಿಡಿ ಹಬ್ಬಿ ಮುಗಿಯುವ ಮುಂಚೆಯೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಳ್ಳುತ್ತದೆ. ಇದೇ ನಾಕಿಂಗ್. ಅದು ಪಿಸ್ಟನ್ನಿನ ಅಂಚನ್ನು ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹಾರಿಸುತ್ತದೆ. ಅದಕ್ಕೇ ಆ ಕಾರಿನ ಸಂಪೀಡನ ಅನುಪಾತವನ್ನು (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) 7.4ಕ್ಕೆ ಇಳಿಸಿದ್ದರು. ಟರ್ಬೊ ಹಾಕಿದ ಕಾರು ವೇಗವಾಗಿ ಓಡುತ್ತದೆ, ಅನುಮಾನವಿಲ್ಲ. ಎರಡೆರಡು ಬಾಯಿಯ ಮೂರು ಕಾರ್ಬ್ಯುರೇಟರುಗಳಿಂದ ಗಾಳಿ ಎಳೆದುಕೊಳ್ಳುವ ಸದ್ದು ಮಾತ್ರ ಹೋಗುತ್ತದೆ. ಆ ಸದ್ದಿಗಾಗಿ ಜಾಸ್ತಿ ದುಡ್ಡು ಕೊಡುವವರನ್ನು ನಾನು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲೆ.

ಹಾಗಾದರೆ ಈಗಿನ ಕಾರುಗಳಲ್ಲಿ ಇಷ್ಟು ಶಕ್ತಿ ಅಗ್ಗಕ್ಕೆ ಹೇಗೆ ಸಿಗುತ್ತದೆ? 1999ರಲ್ಲಿ ಬಂದ ಹೋಂಡಾ ಎಸ್2000 ಬರೀ 2 ಲೀಟರಿನಲ್ಲಿ, ಟರ್ಬೊ ಇಲ್ಲದೆ, 8,300 ಸುತ್ತಿನಲ್ಲಿ 240 ಅಶ್ವಶಕ್ತಿ ಕೊಟ್ಟಿತು. ಅಲ್ಲೂ ನಿಯಮ ಅದೇ, ಬಲ ಅದೇ. ಆದರೆ ರಾಡು, ಸ್ಪ್ರಿಂಗು, ಸಿಲಿಂಡರಿಗೆ ನಾಲ್ಕು ವಾಲ್ವಿನ ಹೆಡ್ಡು, ಎಲ್ಲವನ್ನೂ ಎಂಜಿನಿಯರುಗಳು ವರ್ಷಗಟ್ಟಲೆ ಕೂತು ತಿದ್ದಿದ ಖರ್ಚು ಲಕ್ಷಕ್ಕೂ ಹೆಚ್ಚು ಕಾರುಗಳಿಗೆ ಹಂಚಿಹೋಯಿತು. ಹಳೇ ಕಾರಿನ ಮಾಲೀಕ ಆ ತಿದ್ದುವ ಕೆಲಸದ ಖರ್ಚನ್ನು ಒಬ್ಬನೇ ಹೊರುತ್ತಾನೆ.

ಎಂಜಿನ್ ಆದ ಮೇಲೆ ಖರ್ಚು ಮುಗಿಯಿತು ಅಂದುಕೊಂಡವರು ಒಂದು ವಿಷಯ ಮರೆತಿರುತ್ತಾರೆ. ಶಕ್ತಿ ಎರಡರಷ್ಟಾದರೆ ರೇಡಿಯೇಟರ್ ಹೊರಹಾಕಬೇಕಾದ ಬಿಸಿಯೂ ಎರಡರಷ್ಟರ ಹತ್ತಿರ. ಕ್ಲಚ್ಚು, ಗೇರ್‌ಬಾಕ್ಸು, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಎಲ್ಲವೂ 151ರ ಲೆಕ್ಕದಲ್ಲಿ ಮಾಡಿದವು. 240ಝೆಡ್‌ನ ಆರ್180 ಡಿಫರೆನ್ಷಿಯಲ್ ತೆಗೆದು, ಇನ್ನೂ ದೊಡ್ಡ ಹಲ್ಲುಚಕ್ರದ ಆರ್200 ಹಾಕುವುದು ಅದಕ್ಕೇ. ಹಿಂದಿನ ಚಕ್ರಗಳಲ್ಲಿ ಇರುವುದು ಡ್ರಮ್ ಬ್ರೇಕು. ಓಡುವ ಕಾರಿನ ಶಕ್ತಿಯೂ ವೇಗದ ವರ್ಗದಂತೆ ಏರುತ್ತದೆ, ಹಾಗಾಗಿ ಬ್ರೇಕಿಗೆ ದುಡ್ಡು ಉಳಿಸುವ ಮಾತೇ ಬೇಡ. ಕ್ರ್ಯಾಂಕಿನ ಮುಂದಿನ ಡ್ಯಾಂಪರನ್ನೂ ಹೊಸದು ಹಾಕಿಸಬೇಕು. ಉದ್ದನೆಯ ಆರು ಸಿಲಿಂಡರ್ ಕ್ರ್ಯಾಂಕ್ ತಿರುಗುವಾಗ ಹಿಂಡಿದಂತೆ ತಿರುಚಿ ಕಂಪಿಸುತ್ತದೆ. ಆ ಕಂಪನವನ್ನು ನುಂಗುವ ರಬ್ಬರಿಗೆ ಐವತ್ತು ವರ್ಷವಾಗಿದೆ.

ಇಷ್ಟೆಲ್ಲ ತಿಳಿದ ಮೇಲೆ ನನ್ನನ್ನು ಕೇಳಿದರೆ, ಮೊದಲು ತೀರ್ಮಾನಿಸಬೇಕಾದ್ದು ಅಶ್ವಶಕ್ತಿಯನ್ನಲ್ಲ, ಎಷ್ಟು ಸುತ್ತಿಗೆ ನಿಲ್ಲಿಸುತ್ತೇವೆ ಅನ್ನುವುದನ್ನು. 6,500ಕ್ಕೆ ನಿಲ್ಲಿಸುವವರಿಗೆ ಎಲ್28ರ ಮೂಲ ಕ್ರ್ಯಾಂಕು, ಮೂಲ ರಾಡು ಸಾಕು. ಬೋಲ್ಟು ಹೊಸದು ಹಾಕಿ, ಹೆಡ್ಡಿಗೆ ಒಳ್ಳೆಯ ಕೆಲಸ ಮಾಡಿಸಿ, ಹದವಾದ ಕ್ಯಾಮು ಮತ್ತು ಕಾರ್ಬ್ಯುರೇಟರ್ ಕೂರಿಸಿದರೆ 200 ಅಶ್ವಶಕ್ತಿಯ ಆಸುಪಾಸು ಬರುತ್ತದೆ. ಒಂದು ಟನ್ನಿನ ಕಾರಿಗೆ ಅದು ಧಾರಾಳ. 7,500ಕ್ಕೆ ಹೋಗುತ್ತೇನೆ ಅನ್ನುವವರು ಹೊಸ ರಾಡು, ಹೊಸ ಪಿಸ್ಟನ್ನು, ಹೊಸ ಸ್ಪ್ರಿಂಗುಗಳ ಪಟ್ಟಿಯನ್ನು ಮೊದಲೇ ಬರೆದುಕೊಳ್ಳಲಿ. ಅದರಲ್ಲಿ ಒಂದನ್ನೂ ಆಮೇಲೆ ನೋಡೋಣ ಅಂತ ಬಿಡುವಂತಿಲ್ಲ.